ಅತ್ತೆಯ ಸೀರಿಯಲ್ ಮುಗಿಯುವವರೆಗೆ

ಟೀವಿ ಸೀರಿಯಲ್‌ಗಳ ಮೇಲೆ ನನ್ನ ಅತ್ತೆಯ ಮೊದಲ ತಕರಾರು ಏನೆಂದರೆ, ಅವುಗಳಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಒಂದೇ ಮನೆಯಲ್ಲಿ ಊರಿನಷ್ಟು ಜನ ಇರುತ್ತಾರೆ, ಬೆಳಿಗ್ಗೆಗೊಂದು ಸಂಜೆಗೊಂದು ಉಡುಪು ಬದಲಾಯಿಸುತ್ತಾರೆ, ಆದರೆ ಆ ಮನೆಯ ಹಿಂದೆ ಒಣಹಾಕುವ ಹಗ್ಗವೇ ಇರುವುದಿಲ್ಲ. “ಆಸ್ತಿಗೆ ಹೊಡೆದಾಡ್ತಾರೆ, ಗಂಡನಿಗೆ ಹೊಡೆದಾಡ್ತಾರೆ. ಬಕೆಟ್‌ಗೆ ಹೊಡೆದಾಡಿದ್ದು ಯಾವತ್ತಾದ್ರೂ ನೋಡಿದ್ದೀಯಾ?” ಎಂದು ಕೇಳುತ್ತಾಳೆ. ಉತ್ತರ ಕೊಡಲು ಹೋದವರು ಕೆಟ್ಟರು, ಅವಳ ಬಳಿ ಇನ್ನೂ ಹತ್ತು ಉದಾಹರಣೆ ಸಿದ್ಧವಾಗಿರುತ್ತವೆ.

ಅತ್ತೆ ಎಂದರೆ ನನ್ನ ಅಪ್ಪನ ಒಬ್ಬಳೇ ತಂಗಿ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವುದು ಅವಳ ಕೆಲಸವಾಗಿತ್ತು. ವಾಸ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಆ ಕೋಣೆಯ ಕಿಟಕಿಗಿಂತ ಟೀವಿ ದೊಡ್ಡದು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಹೀರೋ ಥರ ಇದ್ರೆ ನಂಬೋಕಾಗಲ್ಲ, ಹೀರೋ ಥರ ಇಲ್ದಿದ್ರೆ ನೋಡೋಕಾಗಲ್ಲ” ಎಂದು ಹೇಳಿ ಕಳಿಸುತ್ತಿದ್ದಳು. ಈಗ ಯಾರೂ ಕೇಳುವುದಿಲ್ಲ. ಲಾಂಡ್ರಿಯಲ್ಲಿ ಅವಳಿಗೆ ಜಡ್ಜಮ್ಮ ಎಂದು ಹೆಸರು, ಏಕೆಂದರೆ ಹಿಂದಿನ ಸಂಜೆಯ ಸೀರಿಯಲ್‌ಗಳ ಮೇಲೆ ತೀರ್ಪು ಬರುವುದು ಅವಳ ಬಾಯಿಂದಲೇ. ಮೇಲ್ಮನವಿಗೆ ಅವಕಾಶವಿಲ್ಲ.

‘ಡಾಕ್ಟರೇ, ಒಂದು ನಿಮಿಷ’ ಎಂಬ ಆಸ್ಪತ್ರೆಯ ಸೀರಿಯಲ್ ಅವಳಿಗೆ ಆಗುವುದೇ ಇಲ್ಲ. ಅದರಲ್ಲಿ ರೋಗಿಗಳು ತಿಂಗಳುಗಟ್ಟಲೆ ಪ್ರಜ್ಞೆ ತಪ್ಪಿ ಮಲಗಿರುತ್ತಾರೆ, ಹೊದಿಕೆಯಲ್ಲಿ ಒಂದು ಸುಕ್ಕಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಯಾರಾದರೂ ಸಾಯುವ ಮುಂಚೆ ನೆಂಟರೆಲ್ಲ ಸರಿಯಾದ ಹೊತ್ತಿಗೆ ಬಂದು ಮಂಚದ ಸುತ್ತ ನಿಂತಿರುತ್ತಾರೆ. “ಎಲ್ಲರಿಗೂ ಯಾರು ಸುದ್ದಿ ಮುಟ್ಟಿಸಿದ್ರು?” ಎನ್ನುತ್ತಾಳೆ. ‘ರಾಜಮಾತೆಯ ಮುದ್ರೆ’ಯಲ್ಲಿ ರಾಣಿ ಕಿರೀಟ ಹಾಕಿಕೊಂಡೇ ಮಲಗುತ್ತಾಳೆ, ಕತ್ತು ನೋಯುವುದಿಲ್ಲವೇ ಎಂಬುದು ಪ್ರಶ್ನೆ. ಪತ್ತೇದಾರಿ ಸೀರಿಯಲ್‌ನಲ್ಲಿ ಕೊಲೆ ಮಾಡಿದವನು ಯಾರೆಂದು ಮೊದಲ ವಾರವೇ ಹೇಳಿಬಿಡುತ್ತಾಳೆ: ಯಾರು ಎಲ್ಲರಿಗೂ ನಗುನಗುತ್ತಾ ಟೀ ತಂದುಕೊಡುತ್ತಾನೋ ಅವನೇ. ಬೇರೆ ದೇಶದಿಂದ ಬಂದು ನಮ್ಮ ಮಾತಿನಲ್ಲಿ ಆಡುವ ಸೀರಿಯಲ್‌ಗಳಿಗೆ ಮಾತ್ರ ಸ್ವಲ್ಪ ಮರ್ಯಾದೆ ಉಂಟು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಹೋದರೂ, “ಆ ಜನಕ್ಕೆ ಮುಗಿಸೋದು ಗೊತ್ತಪ್ಪ” ಎನ್ನುತ್ತಾಳೆ.

ಮುಗಿಸಲು ಬಾರದವುಗಳಲ್ಲಿ ಮೊದಲನೆಯದು ‘ಎರಡು ಬಾಗಿಲ ಮನೆ’. ಇದು ಯಾವಾಗ ಶುರುವಾಯಿತು ಎಂದು ಅದನ್ನು ಮಾಡುವವರಿಗೇ ಮರೆತಿರಬೇಕು. ನಾಯಕಿ ಆ ಮನೆಯ ದೊಡ್ಡ ಸೊಸೆ. ಆ ಪಾತ್ರಕ್ಕೆ ಎರಡು ಸಲ ನಟಿ ಬದಲಾದರು, ಎರಡು ಸಲವೂ ಗಂಡನಿಗೆ ಗೊತ್ತಾಗಲಿಲ್ಲ. ನನ್ನ ಅತ್ತೆ ಅತಿ ಹೆಚ್ಚು ಬೈಯುವುದು ಈ ಸೀರಿಯಲ್ಲನ್ನು, ಒಂದು ದಿನವೂ ಬಿಡದೆ ನೋಡುವುದೂ ಇದನ್ನೇ. ಯಾವ ದಿನ ಯಾರು ಯಾರಿಗೆ ಏನೆಂದರು ಎಂಬುದನ್ನು ಮೊದಲಿನಿಂದ ಒಪ್ಪಿಸಬಲ್ಲಳು. ಆದರೆ ಮನೆ ಬಿಟ್ಟು ಹೋಗಿದ್ದ ಗಂಡ ತಿರುಗಿ ಬಂದು ಬಾಗಿಲು ಬಡಿದ ಆ ಒಂದು ಕಂತನ್ನು ಮಾತ್ರ ಹೇಳುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು, “ಅವನು ಒಳಗೆ ಹೇಗೆ ಬಂದ ಜಡ್ಜಮ್ಮ?” ಎಂದು ಕೇಳಿದರೆ, “ನೆನಪಿಲ್ಲ” ಎಂದು ದಿಂಬಿನ ಕವರ್‌ಗಳ ರಾಶಿಯ ಕಡೆ ತಿರುಗುತ್ತಿದ್ದಳು. ಅದು ಅಪ್ಪ ತೀರಿಕೊಂಡ ಸಂಜೆ ಬಂದ ಕಂತು ಎಂದು ನನಗೆ ಗೊತ್ತಿತ್ತು, ಹಾಗಾಗಿ ನಾನು ಕೇಳಿರಲಿಲ್ಲ.

ಸೀರಿಯಲ್ ನೋಡುವಾಗ ಅತ್ತೆಗೆ ಒಂದು ಪದ್ಧತಿ ಇತ್ತು. ಟೀವಿ ಹಾಕುವ ಮುಂಚೆ ಫೋನಿನ ಸದ್ದು ಅಡಗಿಸಿ, ಅದನ್ನು ಅಕ್ಕಿ ಡಬ್ಬದೊಳಗೆ ಇಟ್ಟು, ಮುಚ್ಚಳ ಒತ್ತಿ ಬಿಗಿ ಮಾಡುತ್ತಿದ್ದಳು. ಕೈಗೆಟುಕುವಂತಿದ್ದರೆ ನೋಡಬೇಕೆನಿಸುತ್ತದೆ, ಡಬ್ಬದಲ್ಲಿದ್ದರೆ ಏಳುವುದಕ್ಕೆ ಸೋಮಾರಿತನ ಬರುತ್ತದೆ ಎಂಬುದು ಅವಳ ಲೆಕ್ಕಾಚಾರ. ಆ ಹೊತ್ತಿನಲ್ಲಿ ಅವಳಿಗೆ ಫೋನ್ ಮಾಡುವುದು ಗೋಡೆಗೆ ಮಾತಾಡಿದ ಹಾಗೆ ಎಂದು ನಮಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅಪ್ಪನಿಗೆ. ನಲ್ಲಿ ರಿಪೇರಿ ಮಾಡುತ್ತಿದ್ದ ಅಪ್ಪನೇ ಅವಳಿಗೆ ಆ ಟೀವಿ ಕೊಡಿಸಿ, ಹೊತ್ತುಕೊಂಡು ಹೋಗಿ ಗೋಡೆಗೆ ಹಾಕಿದ್ದ. “ನಿನ್ನ ಅತ್ತೆ ಸತ್ತರೂ ಸೀರಿಯಲ್ ಮುಗಿಸಿಯೇ ಸಾಯೋದು” ಎಂದು ನಗುತ್ತಿದ್ದ. ಅದನ್ನು ಅವಳ ಎದುರಿಗೇ ಹೇಳುತ್ತಿದ್ದ, ಅವಳೂ ನಗುತ್ತಿದ್ದಳು.

ಇನ್ನು ನನ್ನ ಅಮ್ಮ. ಅಮ್ಮನೂ ಅದೇ ಲಾಂಡ್ರಿಯಲ್ಲಿ ಇದ್ದಾಳೆ, ಅವಳನ್ನು ಕೆಲಸಕ್ಕೆ ಸೇರಿಸಿದವಳೇ ಅತ್ತೆ. ನಾನು ಅಲ್ಲೇ ಕಿಟಕಿಯಲ್ಲಿ ನಿಂತು ವಾರ್ಡಿನವರಿಗೆ ಬಟ್ಟೆ ಕೊಡುತ್ತೇನೆ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗುವುದಿಲ್ಲ, ಇಬ್ಬರು ಬೇಕು. ಆ ತುದಿಯ ಎರಡು ಮೂಲೆ ಒಬ್ಬರ ಕೈಯಲ್ಲಿ, ಈ ತುದಿಯದು ಇನ್ನೊಬ್ಬರ ಕೈಯಲ್ಲಿ. ಎಳೆದು ಕೊಡವಿ, ಮಧ್ಯಕ್ಕೆ ನಡೆದು ಬಂದು, ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಗ್ಗಿ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಹೋಗಬೇಕು. ಮತ್ತೆ ಹತ್ತಿರ, ಮತ್ತೆ ದೂರ. ಅಮ್ಮನಿಗೂ ಅತ್ತೆಗೂ ಒಂದೇ ಎತ್ತರ, ಒಂದೇ ತೋಳಿನಳತೆ. ಅವರಿಬ್ಬರು ಮಡಿಸಿದ ಶೀಟ್‌ಗಳು ಇಟ್ಟಿಗೆಯ ಹಾಗೆ ಕೂರುತ್ತವೆ ಎಂದು ಸೂಪರ್‌ವೈಸರ್ ಆ ಜೋಡಿಯನ್ನು ಯಾವತ್ತೂ ಮುರಿದವನಲ್ಲ.

ಬಟ್ಟೆ ಒಣಗಿಸುವ ಡ್ರಮ್ಮುಗಳ ಗದ್ದಲದಲ್ಲಿ ದೂರ ನಿಂತಾಗ ಏನೂ ಕೇಳಿಸುವುದಿಲ್ಲ. ಮಾತಾಡಬೇಕೆಂದರೆ ಮಧ್ಯಕ್ಕೆ ಬಂದಾಗಲೇ ಆಡಬೇಕು. ಹಾಗಾಗಿ ನಮ್ಮಲ್ಲಿ ಪ್ರತಿಯೊಂದು ಮಾತೂ ತುಂಡುತುಂಡು. ಹತ್ತಿರ ಬಂದಾಗ ಒಂದು ವಾಕ್ಯ, ಉತ್ತರ ಬರುವುದು ಮುಂದಿನ ಮಡಿಕೆಗೆ. ನಡುವೆ ಯೋಚಿಸಲು ಸಮಯ ಸಿಗುತ್ತದೆ. ಆ ಸಮಯವನ್ನು ಜನ ಒಳ್ಳೆಯದಕ್ಕೆ ಉಪಯೋಗಿಸುತ್ತಾರೆ ಎಂದೇನೂ ಇಲ್ಲ.

ಅಪ್ಪ ಹೋದದ್ದು ಹೀಗೆ. ಅವತ್ತು ಅಮ್ಮನಿಗೆ ರಜೆ, ನನಗೆ ಸಂಜೆಯ ಪಾಳಿ. ಇಳಿಹೊತ್ತಿಗೆ ಅಪ್ಪನಿಗೆ ಉಸಿರಾಟ ಕಷ್ಟವಾಯಿತು. ಬೀದಿಯ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಗಾಬರಿಯಿಲ್ಲ, ಬೆಳಿಗ್ಗೆ ಆಸ್ಪತ್ರೆಗೆ ಸೇರಿಸೋಣ ಎಂದು ಹೋದರು. ಬೆಳಗಿನವರೆಗೆ ಅಪ್ಪ ಉಳಿಯಲಿಲ್ಲ, ಒಂದು ಗಂಟೆಯೂ ಉಳಿಯಲಿಲ್ಲ. ಅತ್ತೆಗೆ ಅಮ್ಮನ ಫೋನ್ ಹೋದದ್ದು ಎಲ್ಲ ಮುಗಿದ ಮೇಲೆ. ಅವಳು ಓಡಿ ಬಂದು ಬಾಗಿಲಲ್ಲೇ ನಿಂತು, ಮಂಚದ ಕಡೆ ನೋಡಿ, ಕೈಯಲ್ಲಿದ್ದ ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದಳು. “ಒಂದು ಮಿಸ್ಡ್ ಕಾಲ್ ಕೂಡ ಇಲ್ಲ. ನನಗೊಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ನಿಮಗೆ?” ಒಂದು ಮಿಸ್ಡ್ ಕಾಲ್ ಇದ್ದಿದ್ದರೆ ಅತ್ತೆ ತನ್ನ ಅಕ್ಕಿ ಡಬ್ಬವನ್ನೇ ಶಪಿಸಿಕೊಳ್ಳುತ್ತಿದ್ದಳು. ಇರಲಿಲ್ಲವಾದ್ದರಿಂದ ಅಮ್ಮನನ್ನು ಶಪಿಸಿದಳು.

ಆಮೇಲೆ ಅವಳು ನಮ್ಮ ಮನೆ ಹೊಸಿಲು ತುಳಿಯಲಿಲ್ಲ. ಅಮ್ಮನೂ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅತ್ತೆಯ ಬಾಯಲ್ಲಿ ‘ಅತ್ತಿಗೆ’ ಎಂಬ ಮಾತೇ ನಿಂತುಹೋಯಿತು, ಕರೆಯಬೇಕಾದರೆ “ಇಲ್ಲಿ ನೋಡಿ” ಎನ್ನುತ್ತಿದ್ದಳು. ಸೂಪರ್‌ವೈಸರ್ ಮೆಲ್ಲಗೆ, “ಜೋಡಿ ಬದಲಾಯಿಸ್ಲಾ?” ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ. ಇಬ್ಬರೂ ಬೇಡ ಎಂದರು. ಮನೆಯ ಮಾತು ಬಂದ್ ಆಯಿತು, ಸೀರಿಯಲ್‌ನ ಮಾತು ಮಾತ್ರ ಉಳಿಯಿತು.

ಅಮ್ಮ ಯಾಕೆ ಫೋನ್ ಮಾಡಲಿಲ್ಲ ಎಂಬುದು ನನಗೆ ಗೊತ್ತಿತ್ತು. ಸೀರಿಯಲ್ ಮುಗಿಯಲಿ ಎಂದು ಕಾದಿದ್ದಳು, ಅಷ್ಟೇ. ಫೋನ್ ಡಬ್ಬದಲ್ಲಿರುತ್ತದೆ, ಮಾಡಿ ಪ್ರಯೋಜನವಿಲ್ಲ, ಡಾಕ್ಟರು ಬೇರೆ ಗಾಬರಿಯಿಲ್ಲ ಎಂದಿದ್ದಾರೆ. ಇಡೀ ಊರಿನಲ್ಲಿ ಇಂಥ ತಪ್ಪು ಮಾಡಲು ಸಾಧ್ಯವಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. “ಹೋಗಿ ಹೇಳಮ್ಮ ಇದನ್ನ” ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಅಮ್ಮ, “ಹೇಳಿದ್ರೆ ಮತ್ತೆ ಆ ಟೀವೀನ ಹಾಕ್ತಾಳಾ ಅವಳು? ಒಂಟಿ ಜೀವ. ಇರೋದೇ ಅದೊಂದು. ನನ್ನ ಮೇಲೆ ಸಿಟ್ಟಿರ್ಲಿ ಬಿಡು, ಸಿಟ್ಟಿದ್ರೆ ಬದುಕಬಹುದು” ಎನ್ನುತ್ತಿದ್ದಳು. ನಾನೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಳು. ಹಾವೂ ಸಾಯದೆ ಕೋಲೂ ಮುರಿಯದೆ ಇರಲಿ ಎಂದು ಅವಳ ಆಸೆ. ಇಬ್ಬರೂ ಒಳಗೊಳಗೇ ಸಾಯುತ್ತಿರುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಇದರ ಮೇಲೆ ‘ಎರಡು ಬಾಗಿಲ ಮನೆ’ಯಲ್ಲಿ, ಹೇಳಿ ಮಾಡಿಸಿದ ಹಾಗೆ, ಹೊಸ ಕಥೆ ಶುರುವಾಯಿತು. ಮಾವನವರಿಗೆ ಹುಷಾರಿಲ್ಲದ ಸುದ್ದಿಯನ್ನು ದೊಡ್ಡ ಸೊಸೆ ಆ ಮನೆಯ ಮಗಳಿಂದ ಮುಚ್ಚಿಟ್ಟಿದ್ದಾಳೆ. ಯಾಕೆ ಎಂದು ಯಾರಿಗೂ ಹೇಳುವುದಿಲ್ಲ, ಸುಮ್ಮನೆ ಕಣ್ಣೀರು ಒರೆಸಿಕೊಂಡು ಕಂಬದ ಹಿಂದೆ ನಿಲ್ಲುತ್ತಾಳೆ. ಅತ್ತೆಗೆ ಹಬ್ಬವೂ ಹೌದು, ಹಿಂಸೆಯೂ ಹೌದು.

“ಸುದ್ದಿ ಮುಚ್ಚಿಟ್ಟೋಳಿಗೆ ಕ್ಷಮೆಯಿಲ್ಲ,” ಎನ್ನುತ್ತಿದ್ದಳು ಮೂಲೆಗಳನ್ನು ಕೊಡುತ್ತಾ.

ಅಮ್ಮ ಬಗ್ಗಿ, ಮಡಿಕೆ ಹಿಡಿದು, ಹಿಂದೆ ಹೋಗಿ, ಮತ್ತೆ ಬಂದು, “ಅವಳಿಗೂ ಏನೋ ಕಾರಣ ಇರ್ಬಹುದು,” ಎನ್ನುತ್ತಿದ್ದಳು.

ಮುಂದಿನ ಶೀಟ್‌ಗೆ ಅತ್ತೆ, “ಕಾರಣ ಇದ್ದೋಳು ಹೇಳ್ತಾಳೆ. ಹೇಳದೋಳಿಗೆ ಹೊಟ್ಟೆಕಿಚ್ಚು. ಅಣ್ಣ ತಂಗಿ ಚೆನ್ನಾಗಿರೋದು ಕೆಲವರಿಗೆ ಆಗಲ್ಲ.”

ಸೀರಿಯಲ್‌ನಲ್ಲಿ ಇದ್ದದ್ದು ಅಪ್ಪ ಮತ್ತು ಮಗಳು. ಅಣ್ಣ ತಂಗಿ ಎಲ್ಲಿಂದ ಬಂದರು ಎಂದು ಯಾರೂ ಕೇಳಲಿಲ್ಲ. ಅಮ್ಮ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೀಗೇ ಇನ್ನೆಷ್ಟು ಕಾಲ ನಡೆಯುತ್ತಿತ್ತೋ. ಅಷ್ಟರಲ್ಲಿ ಆಸ್ಪತ್ರೆಯವರು ಬೆಡ್‌ಶೀಟ್ ಮಡಿಸುವ ಮಷೀನು ತರಿಸಿದರು. ಒಂದು ಕಡೆಯಿಂದ ಒದ್ದೆ ಶೀಟ್ ತೂರಿಸಿದರೆ ಇನ್ನೊಂದು ಕಡೆ ಇಸ್ತ್ರಿಯಾಗಿ, ಮಡಿಕೆಯಾಗಿ ಬೀಳುತ್ತದೆ. ಸೂಪರ್‌ವೈಸರ್ ಎಲ್ಲರನ್ನೂ ಕರೆದು ಹೊಸ ಕೆಲಸ ಹಂಚಿದ. ಅಮ್ಮ ಮಷೀನಿಗೆ ಶೀಟ್ ಕೊಡುವ ಕಡೆ. ಅತ್ತೆ ಮೂರನೇ ಮಹಡಿಯ ಹೊಲಿಗೆ ಕೋಣೆಗೆ, ಹರಿದ ಬಟ್ಟೆಗೆ ತೇಪೆ ಹಾಕಲು. “ಕೈಗೆ ಆರಾಮು ಜಡ್ಜಮ್ಮ, ಕೂತು ಮಾಡೋ ಕೆಲಸ” ಎಂದ. ಅವಳು ಅವನನ್ನು, ಟೀ ತಂದುಕೊಡುವ ಕೊಲೆಗಾರನನ್ನು ನೋಡುವ ಹಾಗೆ ನೋಡಿದಳು. ಅಮ್ಮನೂ ಅತ್ತೆಯೂ ಮಾತಾಡಲು ಈ ಭೂಮಿಯ ಮೇಲೆ ಇದ್ದದ್ದು ಒಂದು ಬೆಡ್‌ಶೀಟಿನ ಅಳತೆಯ ಜಾಗ. ಅದೂ ಇನ್ನಿಲ್ಲ. ನನಗೆ ನಿಜವಾಗಿ ಭಯವಾಯಿತು, ಇವರು ಹೀಗೇ ಸತ್ತುಹೋಗುತ್ತಾರೆ ಎಂದು.

ಕೈಯಲ್ಲಿ ಮಡಿಸುವ ಕೊನೆಯ ದಿನ ನಾನು ಕಿಟಕಿಯಲ್ಲೇ ಇದ್ದೆ. ಮಷೀನಿಗೆ ಕರೆಂಟ್ ಎಳೆಯಲು ಎಲೆಕ್ಟ್ರಿಷಿಯನ್ ಬಂದು ಗೋಡೆಯ ಪೆಟ್ಟಿಗೆ ಬಿಚ್ಚುತ್ತಿದ್ದ. ಬೆಳಿಗ್ಗೆಯಿಂದ ಇಬ್ಬರೂ ಮಾತಿಲ್ಲದೆ ಮಡಿಸಿದರು. ರಾಶಿ ಅರ್ಧಕ್ಕೆ ಇಳಿದಾಗ ಅತ್ತೆ ಶುರುಮಾಡಿದಳು.

“ಆ ದೊಡ್ಡ ಸೊಸೆ ನಿನ್ನೆ ಕೂಡ ಬಾಯಿ ಬಿಡ್ಲಿಲ್ಲ.”

ಮಡಿಕೆ.

“ಹೂಂ, ನೋಡ್ದೆ,” ಎಂದಳು ಅಮ್ಮ.

“ಒಂದು ಮಾತು ಹೇಳಿದ್ರೆ ಮುಗಿದುಹೋಗುತ್ತೆ. ಯಾಕೆ ಎಳೀತಾಳೆ?”

“ಹೇಳಿದ್ರೆ ಕೇಳ್ದೋಳಿಗೆ ನೋವಾಗುತ್ತೆ ಅಂತ.”

ಅತ್ತೆ ಹಿಂದಕ್ಕೆ ಹೋದವಳು ಶೀಟನ್ನು ಅಗತ್ಯಕ್ಕಿಂತ ಜೋರಾಗಿ ಕೊಡವಿದಳು. ಮುಂದೆ ಬಂದು, “ನೋವು ನುಂಗೋದು ಬಿಡೋದು ಕೇಳ್ದೋಳಿಗೆ ಬಿಟ್ಟಿದ್ದು,” ಎಂದಳು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಮಷೀನುಗಳ ಮೈನ್ ಆಫ್ ಮಾಡಿದ. ಡ್ರಮ್ಮುಗಳು ಗುಂಯ್ ಎಂದು ನಿಧಾನಿಸಿ ನಿಂತವು. ಅಷ್ಟು ವರ್ಷಗಳಲ್ಲಿ ಆ ನೆಲಮಾಳಿಗೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ. ಈಗ ದೂರದಲ್ಲಿ ನಿಂತರೂ ಮಾತು ಕೇಳಿಸುತ್ತಿತ್ತು. ಅತ್ತೆ ತನ್ನ ತುದಿಗೆ ಹೋಗಿ ಅಲ್ಲೇ ನಿಂತಳು, ಮಧ್ಯಕ್ಕೆ ಬರಲಿಲ್ಲ.

“ನಾನು ಸೀರಿಯಲ್ ಮಾತಾಡ್ತಿಲ್ಲ ಅತ್ತಿಗೆ,” ಎಂದಳು.

ಅಮ್ಮ ನನ್ನ ಕಡೆ ನೋಡಿದಳು. ನಾನು ಹೇಳು ಎಂಬಂತೆ ತಲೆಯಾಡಿಸಿದೆ. ಅವಳಿಗೆ ಅದು ಕಂಡಿತೋ ಇಲ್ಲವೋ.

“ಅವತ್ತು ನಾನು ಫೋನ್ ಕೈಗೆ ತಗೊಂಡಿದ್ದೆ,” ಎಂದು ಅಮ್ಮ ಶುರುಮಾಡಿದಳು. “ನಿನ್ನ ನಂಬರ್ ತೆಗೆದಿದ್ದೆ. ಅವರೇ ನನ್ನ ಕೈ ಹಿಡ್ಕೊಂಡ್ರು. ‘ಈಗ ಬೇಡ ಕಣೇ, ಅವಳ ಫೋನು ಅಕ್ಕಿ ಡಬ್ಬದಲ್ಲಿರುತ್ತೆ. ಸೀರಿಯಲ್ ಮುಗೀಲಿ, ಆಮೇಲೆ ಮಾಡು, ಬರ್ತಾಳೆ’ ಅಂದ್ರು. ಅದನ್ನ ಹೇಳಿ ನಕ್ಕರು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದ್ರು, ನಿದ್ದೆ ಬಂತು ಅಂದ್ಕೊಂಡೆ. ನಾನು ಗಡಿಯಾರ ನೋಡ್ಕೊಂಡು ಕೂತಿದ್ದೆ. ನಿನ್ನ ಸೀರಿಯಲ್ ಮುಗಿಯೋ ಹೊತ್ತಿಗೆ ಅವರು ಇರ್ಲಿಲ್ಲ.”

ಅಪ್ಪನೇ ಬೇಡ ಎಂದಿದ್ದ ಎಂಬುದು ನನಗೂ ಗೊತ್ತಿರಲಿಲ್ಲ. ಅಮ್ಮ ಅದನ್ನು ನನ್ನಿಂದಲೂ ಮುಚ್ಚಿಟ್ಟಿದ್ದಳು. ಸತ್ತವನ ಮೇಲೆ ತಪ್ಪು ಹೊರಿಸಬಾರದೆಂದೋ, ಆ ನಗುವನ್ನು ತನಗೊಬ್ಬಳಿಗೇ ಇಟ್ಟುಕೊಳ್ಳಬೇಕೆಂದೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಸೀರಿಯಲ್ ಆಗಿದ್ದರೆ ಅತ್ತೆಯ ಕೈಯಿಂದ ಬೆಡ್‌ಶೀಟ್ ಜಾರಿ ನಿಧಾನವಾಗಿ ನೆಲಕ್ಕೆ ಬೀಳಬೇಕಿತ್ತು. ಬೀಳಲಿಲ್ಲ. ಅವಳು ಎರಡು ಮೂಲೆ ಹಿಡಿದುಕೊಂಡೇ ನಡೆದು ಬಂದು ಅಮ್ಮನ ಕೈಗೆ ಕೊಟ್ಟಳು.

“ನಕ್ಕನಾ?”

“ನಕ್ಕರು.”

“ದಡ್ಡ,” ಎಂದಳು ಅತ್ತೆ. “ಆ ದರಿದ್ರ ಸೀರಿಯಲ್‌ಗೋಸ್ಕರ ಯಾರಾದ್ರೂ ಕಾಯ್ತಾರಾ?” ಬಗ್ಗಿ ಮಡಿಕೆ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಎದುರಿನ ಬಿಳಿ ಬಟ್ಟೆಯನ್ನೇ ನೋಡುತ್ತಾ, ಯಾರೂ ಕೇಳದೆಯೇ, ಅವತ್ತಿನ ಕಂತನ್ನು ಹೇಳತೊಡಗಿದಳು.

“ದೊಡ್ಡ ಸೊಸೆ ಗಂಡ ಬಂದು ಬಾಗಿಲು ಬಡೀತಾನೆ. ಇವಳು ಒಳಗಿಂದ ಬಂದು ಚಿಲಕದ ಮೇಲೆ ಕೈ ಇಡ್ತಾಳೆ. ಅವಳ ಮುಖ ತೋರಿಸ್ತಾರೆ. ಚಿಲಕ ತೋರಿಸ್ತಾರೆ. ಹೊರಗೆ ಅವನ ಮುಖ ತೋರಿಸ್ತಾರೆ. ಮತ್ತೆ ಚಿಲಕ. ನಾನು ಈಗ ತೆಗೀತಾಳೆ, ಈಗ ತೆಗೀತಾಳೆ ಅಂತ ಕಣ್ಣು ಮಿಟುಕಿಸದೆ ಕೂತಿದ್ದೆ.” ಅವಳು ಅಮ್ಮನ ಮುಖ ನೋಡಿದಳು. “ತೆಗೀಲಿಲ್ಲ ಅತ್ತಿಗೆ. ಅರ್ಧ ಗಂಟೆ ಪೂರ್ತಿ ಚಿಲಕ ಹಿಡ್ಕೊಂಡು ನಿಂತಿದ್ಲು. ಅವತ್ತು ಏನೂ ನಡೀಲೇ ಇಲ್ಲ.”